ಪಂಪ್ ಶೆಡ್ಡಿನ ಡಬ್ಬಿಯಲ್ಲಿ ಎರಡು ವೋಲ್ಟೇಜು

ಕಬಕದಲ್ಲಿ ತಿರುಗಿ ವಿಟ್ಲದ ದಾರಿ ಹಿಡಿದರೂ ಅಷ್ಟೆ, ಪುತ್ತೂರು ದಾಟಿ ಸುಳ್ಯದ ಕಡೆಗೆ ಹೋದರೂ ಅಷ್ಟೆ, ಡಿಸೆಂಬರ್ ಬಂತೆಂದರೆ ಅಡಿಕೆ ತೋಟಗಳಲ್ಲಿ ಮೋಟಾರಿನ ಸದ್ದು ಶುರುವಾಗುತ್ತದೆ. ಮಳೆ ಹಿಡಿಯುವವರೆಗೆ ತೋಟಕ್ಕೆ ನೀರು ಬಿಡುವುದೇ ಮನೆಯವರ ಮುಖ್ಯ ಕೆಲಸ. ತ್ರೀ ಫೇಸ್ ಕರೆಂಟು ಕೃಷಿಕರ ಅನುಕೂಲ ನೋಡಿಕೊಂಡು ಬರುವುದಿಲ್ಲ. ಮನೆ ಗುಡ್ಡದ ಮೇಲೆ, ಪಂಪ್ ಶೆಡ್ ಕೆಳಗೆ ತೋಡಿನ ಬದಿಯಲ್ಲಿ. ರಾತ್ರಿ ಟಾರ್ಚ್ ಹಿಡಿದು ಇಳಿಯುವ ಕಷ್ಟ ಗೊತ್ತಿದ್ದವರಿಗೆ ಮೊಬೈಲ್ ಸ್ಟಾರ್ಟರಿನ ಬೆಲೆಯೂ ಗೊತ್ತು. ಒಂದು ಕರೆ ಮಾಡಿದರೆ ಮೋಟಾರ್ ಶುರು, ಇನ್ನೊಂದು ಕರೆ ಮಾಡಿದರೆ ಬಂದ್.

ಅಂಗಡಿಯಲ್ಲಿ ಸಿಗುವ ಸ್ಟಾರ್ಟರುಗಳ ಜೊತೆಗೆ, ಮನೆಯ ಮಕ್ಕಳೇ ಕೂತು ಜೋಡಿಸಿದ ಡಬ್ಬಿಗಳೂ ತೋಟಗಳಲ್ಲಿ ಇವೆ. ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜು, ಸುಳ್ಯದ ಕೆ.ವಿ.ಜಿ. ಎಂಜಿನಿಯರಿಂಗ್ ಕಾಲೇಜು, ಎರಡೂ ಊರುಗಳ ಪಾಲಿಟೆಕ್ನಿಕ್‌ಗಳು ಹತ್ತಿರದಲ್ಲೇ ಇರುವಾಗ ಇದು ಸಹಜ. ಆರ್ಡುಯಿನೊ ಊನೊ ಬೋರ್ಡ್ ಒಂದು, ಸಿಮ್ ಹಾಕುವ ಸಿಮ್800ಎಲ್ ಮಾಡ್ಯೂಲ್ ಒಂದು, ರಿಲೇ ಒಂದು. ಮೂರನ್ನೂ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಸ್ಟಾರ್ಟರಿಗೆ ಬೇಕಾದ ಬುದ್ಧಿ ತಯಾರು. ಅಪ್ಪನ ತೋಟದ ಕಷ್ಟ ನೋಡಿ ಮಗಳೋ ಮಗನೋ ಕೈಯಾರೆ ಮಾಡಿದ ಇಂಥ ಡಬ್ಬಿಗಳ ಮೇಲೆ ನನಗೆ ಬಹಳ ಪ್ರೀತಿ. ಅವು ಕೈಕೊಡದೆ ನಡೆಯಬೇಕು ಎಂಬ ಆಸೆಯಿಂದಲೇ ಈ ಅಂಕಣ.

ಈ ಡಬ್ಬಿಗಳ ಬಗ್ಗೆ ಕೇಳಿಬರುವ ದೂರು ಹೆಚ್ಚುಕಡಿಮೆ ಒಂದೇ. “ಮೇಜಿನ ಮೇಲೆ ಸರಿ ಇತ್ತು ಮಾರಾಯ್ರೇ, ಶೆಡ್ಡಿಗೆ ಕೊಂಡುಹೋದ ಮೇಲೆ ಒಂದು ದಿನ ಕೇಳ್ತದೆ, ಒಂದು ದಿನ ಕೇಳುವುದಿಲ್ಲ.” ಚಾರ್ಜರ್ ಬದಲಿಸಿದರೆ ಸರಿಯಾಗುತ್ತದೆ, ಸ್ವಲ್ಪ ದಿನ ಕಳೆದರೆ ಪುನಃ ಅದೇ ಕಥೆ. ಪ್ರೋಗ್ರಾಮ್ ತಿದ್ದುತ್ತಾರೆ, ಸಿಮ್ ಬದಲಿಸುತ್ತಾರೆ, ರೇಂಜ್ ಇಲ್ಲವೆಂದು ಟವರಿಗೆ ಬಯ್ಯುತ್ತಾರೆ. ಆದರೆ ಎಷ್ಟೋ ಸಲ ತೊಂದರೆ ಇರುವುದು ಊನೊ ಬೋರ್ಡಿಗೂ ಸಿಮ್ ಮಾಡ್ಯೂಲಿಗೂ ನಡುವೆ ಎಳೆದ ಒಂದು ಗೇಣು ವಯರಿನಲ್ಲಿ. ಆ ವಯರಿನ ಒಂದು ತುದಿಯಲ್ಲಿ 5 ವೋಲ್ಟಿನ ಲೆಕ್ಕ, ಇನ್ನೊಂದು ತುದಿಯಲ್ಲಿ 2.8 ವೋಲ್ಟಿನ ಲೆಕ್ಕ.

ಡಿಜಿಟಲ್ ಎಂದರೆ ಒಂದು ಮತ್ತು ಸೊನ್ನೆ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ವಯರಿನಲ್ಲಿ ಒಂದೂ ಇಲ್ಲ, ಸೊನ್ನೆಯೂ ಇಲ್ಲ. ಇರುವುದು ವೋಲ್ಟೇಜ್ ಮಾತ್ರ. ಎಷ್ಟು ವೋಲ್ಟಿಗಿಂತ ಮೇಲೆ ಬಂದರೆ ಒಂದು, ಎಷ್ಟಕ್ಕಿಂತ ಕೆಳಗಿದ್ದರೆ ಸೊನ್ನೆ ಎಂದು ಪ್ರತಿ ಚಿಪ್ಪೂ ತನ್ನದೇ ಗೆರೆ ಎಳೆದುಕೊಂಡಿರುತ್ತದೆ. ಎರಡು ಚಿಪ್ಪುಗಳ ಗೆರೆಗಳು ಹೊಂದಿಕೆಯಾಗದಿದ್ದರೆ ಒಬ್ಬರು ಕಳಿಸಿದ್ದು ಇನ್ನೊಬ್ಬರಿಗೆ ತಲುಪದು.

ನಮ್ಮ ಕಡೆಯ ಹಿರಿಯರಿಗೆ ಇದನ್ನು ರೈಲಿನ ಲೆಕ್ಕದಲ್ಲಿ ಹೇಳಿದರೆ ಕೂಡಲೇ ಅರ್ಥವಾಗುತ್ತದೆ. ಕಬಕ ಪುತ್ತೂರು ನಿಲ್ದಾಣದ ಮೂಲಕ ಹೋಗುವ ಮಂಗಳೂರು–ಹಾಸನ ಮಾರ್ಗ 1979ರಲ್ಲಿ ಪೂರ್ತಿಯಾದಾಗ ಅದು ಮೀಟರ್ ಗೇಜ್. ಹಳಿಗಳ ನಡುವೆ 1,000 ಮಿಲಿಮೀಟರ್. ಕೇರಳದ ಕಡೆಯಿಂದ ಮಂಗಳೂರಿಗೆ ಬರುತ್ತಿದ್ದದ್ದು ಬ್ರಾಡ್ ಗೇಜ್, 1,676 ಮಿಲಿಮೀಟರ್. ಆ ಹಳಿಯ ಬೋಗಿ ಈ ಹಳಿಗೆ ಹತ್ತುವಂತಿರಲಿಲ್ಲ. ಜನ ಇಳಿದು ಬೇರೆ ರೈಲು ಹತ್ತಬೇಕು, ಸಾಮಾನು ಇಳಿಸಿ ಇನ್ನೊಂದಕ್ಕೆ ತುಂಬಬೇಕು. ದಾಟಬೇಕಾದದ್ದು ಸಾಮಾನೇ ಹೊರತು ಬೋಗಿಯಲ್ಲ. ವೋಲ್ಟೇಜ್ ಬದಲಿಸುವ ಟ್ರಾನ್ಸಿಸ್ಟರಿನ ಕೆಲಸವೂ ಅದೇ: ಆಚೆಯ ವೋಲ್ಟೇಜನ್ನು ಆಚೆಗೇ ಬಿಟ್ಟು, ಒಂದೋ ಸೊನ್ನೆಯೋ ಎಂಬ ಸುದ್ದಿಯನ್ನು ಮಾತ್ರ ಈಚೆಗೆ ತರುವುದು. ರೈಲಿನಲ್ಲಿ ಆ ತೊಂದರೆ ಮುಗಿಯಿತು. ಗೇಜ್ ಪರಿವರ್ತನೆಯಾಗಿ 2007ರ ಡಿಸೆಂಬರಿನಲ್ಲಿ ಘಾಟಿ ಹತ್ತಿ ಬೆಂಗಳೂರಿಗೆ ಪ್ರಯಾಣಿಕರ ರೈಲು ಪುನಃ ಓಡಿತು. ಎಲೆಕ್ಟ್ರಾನಿಕ್ಸಿನಲ್ಲಿ ಮಾತ್ರ ಅಂಥ ಏಕೀಕರಣ ಆಗಲಿಲ್ಲ. ಅಲ್ಲಿ ವರ್ಷ ಕಳೆದಂತೆ ಹೊಸ ಹೊಸ ಗೇಜುಗಳು ಹುಟ್ಟುತ್ತಲೇ ಇವೆ.

ಕಾರಣ ಸರಳ. 1960ರ ದಶಕದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ 7400 ಸಾಲಿನ ಚಿಪ್ಪುಗಳು ಲೋಕವೆಲ್ಲ ಹಬ್ಬಿದಾಗ 5 ವೋಲ್ಟ್ ರೂಢಿಯಾಯಿತು. ಆಮೇಲೆ ಚಿಪ್ಪಿನೊಳಗಿನ ಟ್ರಾನ್ಸಿಸ್ಟರುಗಳು ಸಣ್ಣದಾಗುತ್ತ ಹೋದವು, ಅವುಗಳ ನಿರೋಧಕ ಪದರ ತೆಳ್ಳಗಾಯಿತು, 5 ವೋಲ್ಟನ್ನು ತಡೆಯುವ ಶಕ್ತಿ ಉಳಿಯಲಿಲ್ಲ. ವೋಲ್ಟೇಜ್ ಇಳಿಸಿದರೆ ಲಾಭವೂ ದೊಡ್ಡದು: ಚಿಪ್ ಒಂದು ಸಲ ಸೊನ್ನೆಯಿಂದ ಒಂದಕ್ಕೆ ಹೋಗಿ ಬರಲು ತಗಲುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುತ್ತದೆ. 5ರಿಂದ 3.3ಕ್ಕೆ ಇಳಿದರೆ ಖರ್ಚು ನೂರರಲ್ಲಿ 44 ಪಾಲಿಗೆ ಬರುತ್ತದೆ. ಹಾಗಾಗಿ ಊನೊ 5 ವೋಲ್ಟಿನಲ್ಲೇ ಉಳಿದರೂ, ರಾಸ್ಪ್‌ಬೆರಿ ಪೈ, ಇಎಸ್‌ಪಿ32 ಮೊದಲಾದವು 3.3 ವೋಲ್ಟಿಗೆ ಬಂದವು, ಸಿಮ್800ಎಲ್ 2.8ಕ್ಕೆ.

ಈಗ ಆ ಒಂದು ಗೇಣು ವಯರಿನ ವಿಚಾರಕ್ಕೆ ಬರೋಣ. ಈ ತೊಂದರೆ ಯಾಕೆ ಒಂದು ದಿನ ಇದ್ದು ಒಂದು ದಿನ ಇರುವುದಿಲ್ಲ ಎಂಬುದನ್ನು ನಿಧಾನವಾಗಿ ನೋಡಬೇಕು. ಊನೊ ಬೋರ್ಡಿನ ಎಟಿಮೆಗಾ 328ಪಿ ಚಿಪ್ಪಿಗೆ ಬರುವ ವೋಲ್ಟೇಜ್ ತನ್ನ ಪೂರೈಕೆಯ ನೂರಕ್ಕೆ 30ಕ್ಕಿಂತ ಕಡಿಮೆ ಇದ್ದರೆ ಖಂಡಿತ ಸೊನ್ನೆ, ನೂರಕ್ಕೆ 60ಕ್ಕಿಂತ ಹೆಚ್ಚಿದ್ದರೆ ಖಂಡಿತ ಒಂದು. ಪೂರೈಕೆ 5 ವೋಲ್ಟ್ ಆದರೆ ಈ ಗೆರೆಗಳು 1.5 ಮತ್ತು 3 ವೋಲ್ಟ್. ನಡುವಿನ ಒಂದೂವರೆ ವೋಲ್ಟಿನ ಪಟ್ಟಿಗೆ ತಯಾರಕರ ಭರವಸೆ ಇಲ್ಲ. ಸಿಮ್ ಮಾಡ್ಯೂಲ್ ‘ಒಂದು’ ಎಂದು ಕಳಿಸುವ 2.8 ವೋಲ್ಟ್ ಸರಿಯಾಗಿ ಆ ಪಟ್ಟಿಯೊಳಗೇ ಬೀಳುತ್ತದೆ.

ಹಾಗಾದರೆ ಮೇಜಿನ ಮೇಲೆ ಕೆಲಸ ಮಾಡಿದ್ದು ಹೇಗೆ? ಭರವಸೆ ಇಲ್ಲ ಎಂದರೆ ಆಗುವುದೇ ಇಲ್ಲ ಎಂದಲ್ಲ. ಚಿಪ್ ವಾಸ್ತವದಲ್ಲಿ ಮನಸ್ಸು ಬದಲಿಸುವುದು ಸುಮಾರು ಎರಡೂವರೆ ವೋಲ್ಟಿನ ಆಸುಪಾಸಿನಲ್ಲಿ. 2.8 ಅದಕ್ಕಿಂತ ಚೂರು ಮೇಲೆ, ಅಷ್ಟೆ. ಆ ಚೂರು ಅಂತರದ ಮೇಲೆ ಇಡೀ ತೋಟದ ನೀರು ನಿಂತಿರುತ್ತದೆ. 4.8 ವೋಲ್ಟ್ ಕೊಡುವ ಚಾರ್ಜರ್ ಹಾಕಿದರೆ ಮೇಲಿನ ಗೆರೆ 2.88ಕ್ಕೆ ಇಳಿಯುತ್ತದೆ, 5.2 ವೋಲ್ಟ್ ಕೊಡುವುದನ್ನು ಹಾಕಿದರೆ 3.12ಕ್ಕೆ ಏರುತ್ತದೆ. ಚಾರ್ಜರ್ ಬದಲಿಸಿದಾಗ ಕಾಯಿಲೆ ವಾಸಿಯಾದಂತೆ ಕಾಣುವುದು ಇದರಿಂದ. ಇನ್ನು, ಸಿಮ್ ಮಾಡ್ಯೂಲ್ ಟವರಿಗೆ ಸುದ್ದಿ ಕಳಿಸುವ ಕ್ಷಣಗಳಲ್ಲಿ 2 ಆಂಪಿಯರ್‌ವರೆಗೆ ಕರೆಂಟ್ ಎಳೆಯುತ್ತದೆ. ಮೈನಸ್ ವಯರಿನಲ್ಲಿ ಒಂದು ಓಮಿನ ಹತ್ತನೇ ಒಂದು ಪಾಲು ಅಡ್ಡಿ ಇದ್ದರೂ 0.2 ವೋಲ್ಟ್ ಅತ್ತಿತ್ತ ಆಗುತ್ತದೆ. ಇದೆಲ್ಲದರ ಜೊತೆಗೆ, ಪಕ್ಕದ ಸ್ಟಾರ್ಟರಿನಲ್ಲಿ ಕಾಂಟ್ಯಾಕ್ಟರ್ ಟಪ್ಪೆಂದು ಬೀಳುವಾಗ, ಬಿಡುವಾಗ ಹುಟ್ಟುವ ವಿದ್ಯುತ್ ಗದ್ದಲ. ಮೇಜಿನ ಮೇಲೆ ಈ ಯಾವುದೂ ಇರಲಿಲ್ಲ. “ನನಗೆ ನೇರ ಜೋಡಿಸಿದರೂ ನಡೀತದೆ” ಎಂದು ವಿಡಿಯೋ ಮಾಡಿ ಹಾಕುವವರು ಸುಳ್ಳು ಹೇಳುತ್ತಿಲ್ಲ. ಅವರು ಪಂಪ್ ಶೆಡ್ಡಿನಲ್ಲಿ ನಿಂತು ಹೇಳುತ್ತಿಲ್ಲ, ಅಷ್ಟೇ ವ್ಯತ್ಯಾಸ.

ಪರಿಹಾರಕ್ಕೆ ಬೇಕಾದದ್ದು ಬಿಸಿ 547 ಎಂಬ ಟ್ರಾನ್ಸಿಸ್ಟರ್ ಒಂದು, 10 ಕಿಲೋಓಮಿನ ರೆಸಿಸ್ಟರ್ ಎರಡು. ಪುತ್ತೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಸಿಗುವ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಿಡಿಗಟ್ಟಲೆ ಮಾರುವ ಸಾಮಾನು ಇದು. ಚಪ್ಪಟೆ ಮುಖ ನಮ್ಮ ಕಡೆಗೆ, ಕಾಲುಗಳು ಕೆಳಕ್ಕೆ ಬರುವ ಹಾಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಬೇಸನ್ನು ಒಂದು ರೆಸಿಸ್ಟರಿನ ಮೂಲಕ ಊನೊ ಬೋರ್ಡಿನ 3.3 ವೋಲ್ಟ್ ಪಿನ್ನಿಗೆ ಕಟ್ಟಿ. ಸಿಮ್ ಮಾಡ್ಯೂಲ್ ಸುದ್ದಿ ಹೊರಬಿಡುವ ವಯರನ್ನು ಎಮಿಟರಿಗೆ ಕೊಡಿ. ಕಲೆಕ್ಟರಿನಿಂದ ಒಂದು ವಯರ್ ಊನೊ ಬೋರ್ಡಿನ ಸುದ್ದಿ ಪಡೆಯುವ ಪಿನ್ನಿಗೆ. ಅದೇ ಕಲೆಕ್ಟರನ್ನು ಎರಡನೇ ರೆಸಿಸ್ಟರಿನ ಮೂಲಕ 5 ವೋಲ್ಟಿಗೂ ಕಟ್ಟಿ. ಎರಡೂ ಬೋರ್ಡುಗಳ ಮೈನಸ್ ಒಂದೇ ಕಡೆ ಸೇರಿರಬೇಕು. ಇದನ್ನು ಮರೆತವರ ಡಬ್ಬಿ ಎಂದೂ ಸರಿಯಾಗದು.

ಒಳಗೆ ಆಗುವುದು ಇಷ್ಟು. ಮಾಡ್ಯೂಲ್ ಸೊನ್ನೆ ಕಳಿಸಿದಾಗ ಎಮಿಟರ್ ಸೊನ್ನೆ ವೋಲ್ಟಿಗೆ ಇಳಿಯುತ್ತದೆ, ಬೇಸಿನಿಂದ ಎಮಿಟರಿಗೆ ಸಣ್ಣ ಕರೆಂಟ್ ಹರಿಯುತ್ತದೆ, ಟ್ರಾನ್ಸಿಸ್ಟರ್ ತೆರೆದು ಕಲೆಕ್ಟರನ್ನೂ ಸೊನ್ನೆಯ ಹತ್ತಿರಕ್ಕೆ ಎಳೆಯುತ್ತದೆ. ಊನೊ ಓದಿದ್ದು ಸೊನ್ನೆ. ಮಾಡ್ಯೂಲ್ ಒಂದು ಕಳಿಸಿದಾಗ ಎಮಿಟರ್ 2.8 ವೋಲ್ಟಿನಲ್ಲಿರುತ್ತದೆ. ಬೇಸಿಗೂ ಎಮಿಟರಿಗೂ ಉಳಿಯುವ ಅಂತರ ಅರ್ಧ ವೋಲ್ಟ್. ಟ್ರಾನ್ಸಿಸ್ಟರ್ ತೆರೆಯಲು 0.6–0.7 ಬೇಕು. ಅದು ಮುಚ್ಚಿಕೊಳ್ಳುತ್ತದೆ, ಎರಡನೇ ರೆಸಿಸ್ಟರ್ ಕಲೆಕ್ಟರನ್ನು 5 ವೋಲ್ಟಿನವರೆಗೆ ಎತ್ತುತ್ತದೆ. ಊನೊ ಓದಿದ್ದು ಒಂದು, ಅದೂ 3 ವೋಲ್ಟಿನ ಗೆರೆಗಿಂತ ಸುಮಾರು 2 ವೋಲ್ಟ್ ಮೇಲೆ. ಚೂರು ಅಂತರದಲ್ಲಿ ನೇತಾಡುತ್ತಿದ್ದ ಸುದ್ದಿಗೆ ಈಗ ವಿಶಾಲವಾದ ಜಾಗ ಸಿಕ್ಕಿತು. ಕಾಂಟ್ಯಾಕ್ಟರ್ ಎಷ್ಟು ಗದ್ದಲ ಮಾಡಿದರೂ ಇಷ್ಟು ಜಾಗವನ್ನು ತಿನ್ನುವುದು ಕಷ್ಟ.

ಕೆಲವರು ಸುದ್ದಿಯನ್ನು ಬೇಸಿಗೆ ಕೊಟ್ಟು, ಎಮಿಟರನ್ನು ಮೈನಸ್ಸಿಗೆ ಕಟ್ಟುತ್ತಾರೆ. ಆಗಲೂ ವೋಲ್ಟೇಜ್ ಬದಲಾಗುತ್ತದೆ, ಆದರೆ ಸುದ್ದಿ ತಲೆಕೆಳಗಾಗುತ್ತದೆ, ಒಂದು ಹೋದದ್ದು ಸೊನ್ನೆಯಾಗಿ ಬರುತ್ತದೆ. ಅದನ್ನು ನೆಟ್ಟಗೆ ಮಾಡಲು ಇನ್ನೊಂದು ಟ್ರಾನ್ಸಿಸ್ಟರ್ ಬೇಕು. ಎಮಿಟರಿಗೆ ಕೊಡುವ ಕ್ರಮದಲ್ಲಿ ಆ ತಾಪತ್ರಯ ಇಲ್ಲ.

ಇದು ಬರುವ ಸುದ್ದಿಯ ಮಾತಾಯಿತು. ಊನೊದಿಂದ ಮಾಡ್ಯೂಲಿಗೆ ಹೋಗುವ ದಾರಿಯಲ್ಲಿ ಅಪಾಯ ಬೇರೆ ರೀತಿಯದು. ಮಾಡ್ಯೂಲಿನ ಪಿನ್ನು ತಡೆಯುವುದು 3.1 ವೋಲ್ಟಿನವರೆಗೆ, ಊನೊ ಕಳಿಸುವುದು 5. ಕೂಡಲೇ ಸುಟ್ಟುಹೋಗುವುದಿಲ್ಲ, ಅದೇ ಮೋಸ. ಚಿಪ್ಪಿನೊಳಗಿನ ರಕ್ಷಣಾ ಡಯೋಡ್ ಹೆಚ್ಚಾದ ವೋಲ್ಟೇಜನ್ನು ಮಾಡ್ಯೂಲಿನ ಪೂರೈಕೆಗೇ ತಿರುಗಿಸಿ ಬಿಡುತ್ತದೆ. ಅದು ಅಪರೂಪಕ್ಕೆ ಬರುವ ಆಘಾತಕ್ಕೆಂದು ಇಟ್ಟ ಡಯೋಡ್, ದಿನವಿಡೀ ದುಡಿಯಲಿಕ್ಕಲ್ಲ. ಇಲ್ಲಿ ಟ್ರಾನ್ಸಿಸ್ಟರೂ ಬೇಡ. 10 ಕಿಲೋಓಮಿನ ಎರಡು ರೆಸಿಸ್ಟರುಗಳನ್ನು ಸಾಲಾಗಿ ಮೈನಸ್ಸಿಗೆ ಕಟ್ಟಿ ನಡುವಿನಿಂದ ವಯರ್ ತೆಗೆದರೆ 5 ವೋಲ್ಟ್ 2.5 ಆಗುತ್ತದೆ; ಒಂದು ಎಂದು ಓದಲು ಮಾಡ್ಯೂಲಿಗೆ 2.1 ಸಾಕು. ಟ್ಯಾಂಕಿಯ ನೀರಿನ ಮಟ್ಟ ಅಳೆಯುವ ಎಚ್‌ಸಿ-ಎಸ್‌ಆರ್04 ಸೆನ್ಸರನ್ನು ಇಎಸ್‌ಪಿ32ಕ್ಕೆ ಜೋಡಿಸುವವರೂ ಇದನ್ನೇ ಮಾಡಬೇಕು, 1 ಕಿಲೋಓಮ್ ಮೇಲೆ, 2 ಕಿಲೋಓಮ್ ಕೆಳಗೆ. ಇಳಿಸಲು ರೆಸಿಸ್ಟರ್ ಸಾಕು. ಏರಿಸಲು ಟ್ರಾನ್ಸಿಸ್ಟರ್ ಬೇಕು.

ಒಂದೇ ವಯರಿನಲ್ಲಿ ಎರಡೂ ಕಡೆಯವರು ಸುದ್ದಿ ಕಳಿಸುವ ಪದ್ಧತಿಯೂ ಇದೆ. ಫಿಲಿಪ್ಸ್ ಕಂಪನಿ 1982ರಲ್ಲಿ ರೂಪಿಸಿದ ಐ ಸ್ಕ್ವೇರ್ ಸಿ ಅಂಥದ್ದು. ಗಡಿಯಾರದ ಚಿಪ್, ಸಣ್ಣ ಪರದೆ, ತೇವಾಂಶದ ಸೆನ್ಸರ್ ಮುಂತಾದವು ಇದರಲ್ಲೇ ಮಾತಾಡುತ್ತವೆ. ಯಾರು ಯಾವಾಗ ಕಳಿಸುತ್ತಾರೆಂದು ಮೊದಲೇ ಗೊತ್ತಿಲ್ಲದ ವಯರಿಗೆ ವೋಲ್ಟೇಜ್ ಬದಲಿಸುವುದು ಹೇಗೆ? ಹಾಲೆಂಡಿನ ಐಂಡ್‌ಹೋವನ್‌ನಲ್ಲಿದ್ದ ಫಿಲಿಪ್ಸ್ ಪ್ರಯೋಗಾಲಯದ ಹರ್ಮನ್ ಶುಟ್ಟೆ 1997ರಲ್ಲಿ ಇದಕ್ಕೆ ಕೊಟ್ಟ ಉತ್ತರ ನನ್ನ ಮಟ್ಟಿಗೆ ಎಲೆಕ್ಟ್ರಾನಿಕ್ಸಿನ ಅತಿ ಸುಂದರ ಸರ್ಕಿಟ್‌ಗಳಲ್ಲಿ ಒಂದು. ಒಂದೇ ಒಂದು ಮಾಸ್‌ಫೆಟ್, ಎರಡು ರೆಸಿಸ್ಟರ್, ದಿಕ್ಕು ಹೇಳಿಕೊಡುವ ಬೇರೆ ಪಿನ್ನೇ ಇಲ್ಲ.

ಮಾಸ್‌ಫೆಟ್ ಕೂಡ ಒಂದು ಬಗೆಯ ಟ್ರಾನ್ಸಿಸ್ಟರೇ. ಅದರ ಮೂರು ಕಾಲುಗಳಲ್ಲಿ ಗೇಟ್ 3.3 ವೋಲ್ಟಿಗೆ, ಸೋರ್ಸ್ 3.3 ವೋಲ್ಟಿನ ಕಡೆಯ ವಯರಿಗೆ, ಡ್ರೈನ್ 5 ವೋಲ್ಟಿನ ಕಡೆಯ ವಯರಿಗೆ. ಎರಡೂ ವಯರುಗಳನ್ನು ಅವವುಗಳ ಪೂರೈಕೆಗೆ ಒಂದೊಂದು ರೆಸಿಸ್ಟರ್ ಎತ್ತಿ ಹಿಡಿದಿರುತ್ತದೆ. ಯಾರೂ ಕಳಿಸದಿರುವಾಗ ಗೇಟಿಗೂ ಸೋರ್ಸಿಗೂ ಅಂತರ ಸೊನ್ನೆ. ಮಾಸ್‌ಫೆಟ್ ಮುಚ್ಚಿದೆ, ಈಚೆ 3.3, ಆಚೆ 5. ಈಚೆಯವರು ಸೊನ್ನೆಗೆಳೆದರೆ ಅಂತರ 3.3 ಆಗಿ ಮಾಸ್‌ಫೆಟ್ ತೆರೆದು ಆಚೆಯೂ ಸೊನ್ನೆ. ಸೊಗಸು ಇರುವುದು ಮೂರನೆಯ ಸ್ಥಿತಿಯಲ್ಲಿ. ಆಚೆಯವರು ಸೊನ್ನೆಗೆಳೆದಾಗ ಮಾಸ್‌ಫೆಟ್ ಮುಚ್ಚಿಯೇ ಇದೆಯಲ್ಲ, ಸುದ್ದಿ ಬರುವುದೆಲ್ಲಿಂದ? ತಯಾರಾಗುವಾಗಲೇ ಮಾಸ್‌ಫೆಟ್ಟಿನೊಳಗೆ ಸೋರ್ಸಿನಿಂದ ಡ್ರೈನಿಗೆ ಒಂದು ಡಯೋಡ್ ತಾನಾಗಿ ಮೂಡಿರುತ್ತದೆ. ಬೇರೆಡೆ ಅದೊಂದು ಕಿರಿಕಿರಿ. ಇಲ್ಲಿ ಅದರ ಮೂಲಕವೇ ಕರೆಂಟ್ ಹರಿದು ಸೋರ್ಸ್ ಸುಮಾರು 0.7 ವೋಲ್ಟಿಗೆ ಇಳಿಯುತ್ತದೆ, ಗೇಟಿಗೂ ಸೋರ್ಸಿಗೂ 2.6 ವೋಲ್ಟ್ ಅಂತರ ಸಿಗುತ್ತದೆ, ಮಾಸ್‌ಫೆಟ್ ತೆರೆಯುತ್ತದೆ, ಈಚೆಯೂ ಪೂರ್ತಿ ಸೊನ್ನೆ. ಬೇಡದ ಡಯೋಡನ್ನೇ ಕೆಲಸಕ್ಕೆ ಹಚ್ಚಿದ ಜಾಣ್ಮೆ ಇದು. ಅಂಗಡಿಯಲ್ಲಿ ನಾಲ್ಕು ಸಾಲಿನ ಪುಟ್ಟ ಬೋರ್ಡಾಗಿ ಸಿಗುವುದರಲ್ಲಿ ಸಾಮಾನ್ಯವಾಗಿ ಬಿಎಸ್‌ಎಸ್ 138 ಇರುತ್ತದೆ. ಅದು 0.8ರಿಂದ 1.5 ವೋಲ್ಟಿನೊಳಗೆ ತೆರೆಯಲು ಶುರುಮಾಡುತ್ತದೆ. 2ಎನ್7000 ಎಂಬ ಹಳೆಯದನ್ನು ಹಾಕುವವರು ಎಚ್ಚರ ವಹಿಸಬೇಕು. ಅದರಲ್ಲಿ ಕೆಲವು 3 ವೋಲ್ಟಿನವರೆಗೂ ಕಣ್ಣು ಬಿಡುವುದಿಲ್ಲ.

ಈ ಸರ್ಕಿಟ್ಟುಗಳಿಗೆ ಮಿತಿ ಉಂಟು. ಸೊನ್ನೆಗೆ ಎಳೆಯುವುದು ಟ್ರಾನ್ಸಿಸ್ಟರ್, ಹಾಗಾಗಿ ಬೇಗ. ಮೇಲೆತ್ತುವುದು ರೆಸಿಸ್ಟರ್, ಹಾಗಾಗಿ ನಿಧಾನ. 10 ಕಿಲೋಓಮ್ ಇದ್ದು ವಯರಿನ ಧಾರಕತೆ 100 ಪಿಕೋಫ್ಯಾರಡ್ ಆದರೆ ಏರಿಕೆಗೆ ಒಂದೆರಡು ಮೈಕ್ರೋಸೆಕೆಂಡ್ ಬೇಕು. ಸಿಮ್ ಮಾಡ್ಯೂಲಿನೊಂದಿಗೆ ಸೆಕೆಂಡಿಗೆ 9,600 ಬಿಟ್ ವೇಗದಲ್ಲಿ ಮಾತಾಡುವಾಗ ಒಂದು ಬಿಟ್ಟಿಗೆ 104 ಮೈಕ್ರೋಸೆಕೆಂಡ್ ಇರುವುದರಿಂದ ಧಾರಾಳ ಸಾಕು. ಮೆಮೊರಿ ಕಾರ್ಡಿಗೆ ಬರೆಯುವಂಥ, ಸೆಕೆಂಡಿಗೆ ಕೋಟಿಯ ಹತ್ತಿರ ಬಿಟ್ ಹರಿಯುವ ಕಡೆ ಇದು ನಡೆಯದು, ಅಲ್ಲಿಗೆ ಅದಕ್ಕೆಂದೇ ಇರುವ ಚಿಪ್ ಹಾಕಬೇಕು. ಜಾತ್ರೆಗೆ, ಮದುವೆಗೆ ಬಣ್ಣ ಬದಲಿಸುವ ಡಬ್ಲ್ಯುಎಸ್2812 ಎಲ್‌ಇಡಿ ಸಾಲು ಹಾಕುವವರಿಗೂ ಇದೇ ಮಾತು. 5 ವೋಲ್ಟಿನ ಆ ಎಲ್‌ಇಡಿಗೆ ಒಂದು ಎಂದು ತಿಳಿಯಲು 3.5 ವೋಲ್ಟ್ ಬೇಕು, 3.3 ಸಾಲದು, 74ಎಎಚ್‌ಸಿಟಿ125 ಚಿಪ್ಪೇ ಸರಿ.

ಶೆಡ್ಡಿನಿಂದ ಟ್ಯಾಂಕಿಯವರೆಗೆ ಉದ್ದ ವಯರ್ ಎಳೆಯುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಏಪ್ರಿಲ್–ಮೇ ತಿಂಗಳ ಸಂಜೆಯ ಗುಡುಗು ಮಿಂಚು ನಮ್ಮ ಕಡೆ ಹೇಗಿರುತ್ತದೆಂದು ಯಾರಿಗೂ ವಿವರಿಸಬೇಕಾಗಿಲ್ಲ. ದೂರದಲ್ಲಿ ಸಿಡಿಲು ಬಡಿದರೂ ಉದ್ದ ವಯರಿನಲ್ಲಿ ನೂರಾರು ವೋಲ್ಟಿನ ಅಲೆ ಏಳಬಹುದು. ಮೈನಸ್ ಒಂದೇ ಇರುವ ಟ್ರಾನ್ಸಿಸ್ಟರ್ ಸರ್ಕಿಟ್ ಅದನ್ನು ತಡೆಯುವುದಿಲ್ಲ. ಅಲ್ಲಿ ಪಿಸಿ817 ಎಂಬ ಆಪ್ಟೋಕಪ್ಲರ್ ಬೇಕು. ಅದೂ ಒಂದು ಟ್ರಾನ್ಸಿಸ್ಟರೇ, ಆದರೆ ತೆರೆಯುವುದು ಬೆಳಕಿಗೆ. ಈಚೆ ಎಲ್‌ಇಡಿ, ಆಚೆ ಬೆಳಕು ನೋಡಿ ತೆರೆಯುವ ಟ್ರಾನ್ಸಿಸ್ಟರ್, ನಡುವೆ ಲೋಹದ ಸಂಪರ್ಕವೇ ಇಲ್ಲ. 5,000 ವೋಲ್ಟಿನವರೆಗೆ ತಡೆಯುತ್ತದೆ. ಸಿಡಿಲು ನೇರವಾಗಿ ವಯರಿಗೇ ಬಡಿದರೆ ಇದೂ ಉಳಿಸದು.

ಡಬ್ಬಿಯ ಕೊನೆಯ ಹೆಜ್ಜೆ ರಿಲೇ. ಅಲ್ಲೂ ನಡೆಯುವುದು ವೋಲ್ಟೇಜ್ ಬದಲಿಸುವ ಕೆಲಸವೇ. 12 ವೋಲ್ಟಿನ ಸಣ್ಣ ರಿಲೇ ಸುಮಾರು 30 ಮಿಲಿಆಂಪಿಯರ್ ಕೇಳುತ್ತದೆ. ಇಎಸ್‌ಪಿ32ರಂಥ ಬೋರ್ಡಿನ 3.3 ವೋಲ್ಟಿನ ಪಿನ್ನಿನಿಂದಲೂ 1 ಕಿಲೋಓಮ್ ಮೂಲಕ ಬಿಸಿ 547ರ ಬೇಸಿಗೆ 2.6 ಮಿಲಿಆಂಪಿಯರ್ ಹೋದರೆ ಆ ಕೆಲಸ ಸಲೀಸು. ರಿಲೇ ಬಿಡುವಾಗ ಅದರ ಸುರುಳಿ ಹಿಂದಕ್ಕೆ ಒದೆಯುತ್ತದೆ, ಆದ್ದರಿಂದ ಸುರುಳಿಗೆ ಅಡ್ಡಲಾಗಿ 1ಎನ್4007 ಡಯೋಡ್ ಇರಲೇಬೇಕು. ರಿಲೇಯಿಂದ ಆಚೆಗೆ ಕಾಂಟ್ಯಾಕ್ಟರ್, ಅದರಾಚೆ 415 ವೋಲ್ಟ್. ಆ ಭಾಗಕ್ಕೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನೇ ಕರೆಯಿರಿ.

ಈ ವಿಚಾರ ಈಗ ಇನ್ನಷ್ಟು ತುರ್ತಾಗಿದೆ. ಸಿಮ್800ಎಲ್ 2ಜಿ ಮಾಡ್ಯೂಲ್. 2ಜಿ ಸೇವೆಯೇ ಇಲ್ಲದ ಕಂಪನಿಯ ಸಿಮ್ ಅದರಲ್ಲಿ ನಡೆಯುವುದಿಲ್ಲ. ಜನ 4ಜಿ ಮಾಡ್ಯೂಲಿಗೆ ಹೋಗುತ್ತಿದ್ದಾರೆ. ಎ7670ನಂಥ 4ಜಿ ಮಾಡ್ಯೂಲಿನ ಲೆಕ್ಕ 1.8 ವೋಲ್ಟ್. 2.8ರಲ್ಲಾದರೂ ನೇರ ಜೋಡಿಸಿದ ಡಬ್ಬಿ ಒಂದಷ್ಟು ದಿನ ಓಡಿತು, 1.8ನ್ನು ಊನೊ ಒಂದು ಎಂದು ಓದುವ ಮಾತೇ ಇಲ್ಲ. ಕೆಲವು ಬೋರ್ಡುಗಳಲ್ಲಿ ಬದಲಿಸುವ ಟ್ರಾನ್ಸಿಸ್ಟರುಗಳನ್ನು ಮೊದಲೇ ಕೂರಿಸಿರುತ್ತಾರೆ, ಕೆಲವದರಲ್ಲಿ ಇಲ್ಲ. ಕೊಳ್ಳುವಾಗಲೇ ಕೇಳಿ ತಿಳಿದುಕೊಳ್ಳಬೇಕು. ಇಲ್ಲದಿದ್ದರೆ ಮೇಲೆ ಹೇಳಿದ ಎಮಿಟರ್ ಸರ್ಕಿಟ್ಟನ್ನೇ ಕಟ್ಟಬಹುದು, ಬೇಸನ್ನು ಮಾಡ್ಯೂಲಿನ 1.8 ವೋಲ್ಟಿಗೆ ಕೊಟ್ಟು.

ನಮ್ಮ ಕಾಲೇಜುಗಳ ಪ್ರಾಜೆಕ್ಟ್ ಪ್ರದರ್ಶನಗಳಲ್ಲಿ ಪ್ರೋಗ್ರಾಮಿನ ಬಗ್ಗೆ ಬಹಳ ಪ್ರಶ್ನೆ ಕೇಳುತ್ತಾರೆ. ಯಾವ ಪಿನ್ನಿನಲ್ಲಿ ಎಷ್ಟು ವೋಲ್ಟ್ ಇದೆ, ಎದುರಿನ ಚಿಪ್ ಎಷ್ಟು ಕೇಳುತ್ತದೆ ಎಂದೂ ಅಷ್ಟೇ ಗಟ್ಟಿಯಾಗಿ ಕೇಳಬೇಕೆಂದು ಅಧ್ಯಾಪಕರಲ್ಲಿ ನನ್ನ ವಿನಂತಿ. ಇನ್ನು ಡಬ್ಬಿ ಮಾಡಿಟ್ಟ ಮಕ್ಕಳಿಗೆ: ನೀರು ಬಿಡುವ ಕಾಲ ಶುರುವಾಗುವ ಮೊದಲು, ನವೆಂಬರಿನ ಒಂದು ಭಾನುವಾರ ಮೈನ್ ಸ್ವಿಚ್ ತೆಗೆದು ಡಬ್ಬಿಯನ್ನು ಶೆಡ್ಡಿನಿಂದ ಮನೆಗೆ ತನ್ನಿ. ಚಾರ್ಜರಿನಿಂದ ಚಾಲೂ ಮಾಡಿ ಮಲ್ಟಿಮೀಟರಿನಲ್ಲಿ ಮಾಡ್ಯೂಲ್ ಸುದ್ದಿ ಹೊರಬಿಡುವ ಪಿನ್ನನ್ನು ಅಳೆಯಿರಿ. ಏನೂ ಕಳಿಸದೆ ಸುಮ್ಮನಿರುವಾಗ ಆ ಪಿನ್ ‘ಒಂದು’ ಸ್ಥಿತಿಯಲ್ಲೇ ಇರುತ್ತದೆ. ಆ ಸುದ್ದಿ ಪಡೆಯುವ ಊನೊ ಬೋರ್ಡಿನ ಪಿನ್ನನ್ನೂ ಅಳೆದು, ಅಲ್ಲಿ 3 ವೋಲ್ಟಿಗಿಂತ ಕಡಿಮೆ ಕಂಡರೆ ಟ್ರಾನ್ಸಿಸ್ಟರ್ ಹಾಕಿಯೇ ಡಬ್ಬಿಯನ್ನು ಪುನಃ ಶೆಡ್ಡಿಗೆ ಕೊಂಡುಹೋಗಿ.